ಎಕ್ಸ್-ಶೋರೂಂನಿಂದ ಆನ್-ರೋಡ್‌ವರೆಗೆ: ಡೀಲರ್ ಲಾಭ ಎಲ್ಲಿ ಕೂತಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಹೊಸ ಕಾರಿನ ಕೊಟೇಶನ್ ಸುತ್ತಲೇ ಇವೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಎಕ್ಸ್-ಶೋರೂಂ 9,80,000 ಅಂದಿದ್ದರು. ಕೊಟೇಶನ್ ಕೈಗೆ ಬಂದಾಗ ಆನ್-ರೋಡ್ 12,52,500! ಆರ್‌ಟಿಒ 1,68,000, ವಿಮೆ 54,500, ಹ್ಯಾಂಡ್ಲಿಂಗ್ ಮತ್ತು ಲಾಜಿಸ್ಟಿಕ್ಸ್ 8,500, ಬೇಸಿಕ್ ಕಿಟ್ 19,900, ಎಕ್ಸ್‌ಟೆಂಡೆಡ್ ವಾರಂಟಿ 21,000, ಫಾಸ್ಟ್ಯಾಗ್ 600. ಕಾರು ಪೆಟ್ರೋಲ್, 1,197 ಸಿಸಿ, ನಾಲ್ಕು ಮೀಟರ್ ಒಳಗಿನದು. ಸಾಲದಲ್ಲಿ ಕೊಳ್ಳುತ್ತಿದ್ದೇನೆ. ಕಮ್ಮಿ ಮಾಡಿ ಅಂದರೆ "ಕಾರಲ್ಲಿ ನಮಗೇನೂ ಉಳಿಯಲ್ಲ ಸಾರ್" ಅಂತಾರೆ. ನಿಜವೇ?
— ಓದುಗರು, ಯಲಹಂಕ

ಉತ್ತರ: ಅರ್ಧ ನಿಜ. ಕಾರಲ್ಲಿ ಉಳಿಯುವುದು ಕಮ್ಮಿ, ಕೊಟೇಶನ್‌ನಲ್ಲಿ ಉಳಿಯುವುದು ಜಾಸ್ತಿ.

ಮೊದಲು ಕಾರನ್ನೇ ನೋಡಿ. ಎಕ್ಸ್-ಶೋರೂಂ ದರ ನಿಗದಿ ಮಾಡುವುದು ಕಂಪನಿ, ಡೀಲರ್ ಅಲ್ಲ. ಆ 9,80,000ದಲ್ಲಿ ಜಿಎಸ್‌ಟಿ ಆಗಲೇ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ ನಿಮ್ಮಂಥ ಸಣ್ಣ ಕಾರಿಗೆ ಶೇ 18. ತೆರಿಗೆ ತೆಗೆದರೆ ಕಾರಿನ ಮೂಲ ಬೆಲೆ ಸುಮಾರು 8,30,500. ಡೀಲರ್‌ಗೆ ಇದರ ಮೇಲೆ ಸಿಗುವ ಮಾರ್ಜಿನ್ ಹೆಚ್ಚಿನ ಮಾಡೆಲ್‌ಗಳಲ್ಲಿ ಶೇ 3ರಿಂದ 5ರ ಆಸುಪಾಸು. ಶೇ 4 ಅಂತ ಹಿಡಿದರೆ 33 ಸಾವಿರ. ಶೋರೂಂ ಬಾಡಿಗೆ, ಸಿಬ್ಬಂದಿ ಸಂಬಳ, ನಿಂತ ಸ್ಟಾಕ್ ಮೇಲಿನ ಬಡ್ಡಿ ಎಲ್ಲ ಇದರಲ್ಲೇ ಹೋಗಬೇಕು. ಹಾಗಾಗಿ ಬರೀ ಕಾರಿನ ಬೆಲೆಯಲ್ಲಿ 50 ಸಾವಿರ ಇಳಿಸಿ ಅಂತ ಪಟ್ಟು ಹಿಡಿದರೆ, ಕಂಪನಿಯೇ ಸ್ಕೀಮ್ ಕೊಟ್ಟಿರದಿದ್ದರೆ, ಪ್ರಯೋಜನವಿಲ್ಲ. ಚೌಕಾಸಿ ಮಾಡಬೇಕಾದದ್ದು ಅದರ ಕೆಳಗಿನ ಸಾಲುಗಳಲ್ಲಿ.

ಆರ್‌ಟಿಒ ಸಾಲಿನಿಂದ ಶುರುಮಾಡಿ. ಇದು ಸರ್ಕಾರದ ದುಡ್ಡು ಅಂತ ಯಾರೂ ಲೆಕ್ಕ ಕೇಳುವುದಿಲ್ಲ, ಅದಕ್ಕೇ ಇಲ್ಲಿ ಸದ್ದಿಲ್ಲದೆ ಸೇರಿಸುತ್ತಾರೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಆಜೀವ ತೆರಿಗೆ 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರ ಮೇಲೆ ಶೇ 18. ಆ ತೆರಿಗೆಯ ಮೇಲೆ ಶೇ 11 ಸೆಸ್. ಕಾರಿನ ಬೆಲೆಯ ಮೇಲೆ ಶೇ 11 ಅಲ್ಲ, ತೆರಿಗೆಯ ಮೇಲೆ. ಇದನ್ನು ತಪ್ಪಾಗಿ ಓದಿ ಗಾಬರಿಯಾದವರ ಪತ್ರಗಳೂ ಬಂದಿವೆ. ನಿಮ್ಮ ಕಾರಿಗೆ 14ಕ್ಕೆ ಸೆಸ್ ಸೇರಿ ಶೇ 15.54. ಅಂದರೆ 1,52,292. ನೋಂದಣಿ ಶುಲ್ಕ 600, ಸ್ಮಾರ್ಟ್ ಕಾರ್ಡ್ 200, ಸಾಲ ಇರುವುದರಿಂದ ಹೈಪೊಥಿಕೇಶನ್ (ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ನಮೂದಿಸುವುದು) 1,500. ಒಟ್ಟು 1,54,592. ತಾತ್ಕಾಲಿಕ ನೋಂದಣಿ, ಸಣ್ಣಪುಟ್ಟ ಸೆಸ್ಸು, ಅಂಚೆ ಅಂತ ಇನ್ನೂ ಎರಡು ಮೂರು ಸಾವಿರ ಆಗಲಿ. ನಿಮಗೆ ಬರೆದುಕೊಟ್ಟಿರುವ 1,68,000ಕ್ಕೆ ಆಗಲೂ 10 ಸಾವಿರ ವ್ಯತ್ಯಾಸ ಉಳಿಯುತ್ತದೆ. ನಂಬರ್ ಪ್ಲೇಟ್ ಖರ್ಚು ಅಂದರೆ ಒಪ್ಪಬೇಡಿ: 2019ರ ಏಪ್ರಿಲ್ 1ರ ನಂತರ ತಯಾರಾದ ಕಾರುಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಕಂಪನಿಯೇ ಒದಗಿಸಬೇಕು, ಅದರ ಬೆಲೆ ಕಾರಿನಲ್ಲೇ ಸೇರಿದೆ. "ಆರ್‌ಟಿಒ ಹಣವನ್ನು ಸರ್ಕಾರದ ವಾಹನ್ ಪೋರ್ಟಲ್‌ನ ತೆರಿಗೆ ರಸೀದಿಯಲ್ಲಿ ಇರುವಷ್ಟೇ ಕೊಡುತ್ತೇನೆ, ಹೆಚ್ಚಾದದ್ದನ್ನು ವಾಪಸ್ ಕೊಡುತ್ತೀರಿ ಅಂತ ಕೊಟೇಶನ್ ಮೇಲೆ ಬರೆದು ಸೀಲ್ ಹಾಕಿ" ಅನ್ನಿ. ಈ ಒಂದು ವಾಕ್ಯಕ್ಕೆ ಅಂಕಿ ತಾನಾಗಿ ಇಳಿಯುವುದುಂಟು.

ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್: ಹೆಸರು ಬೇರೆಬೇರೆ, ಸರಕು ಒಂದೇ. ಕಾರ್ಖಾನೆಯಿಂದ ಡೀಲರ್‌ವರೆಗಿನ ಸಾಗಣೆ ಎಕ್ಸ್-ಶೋರೂಂ ದರದಲ್ಲಿದೆ. ಡೀಲರ್ ತನ್ನ ಯಾರ್ಡ್‌ನಿಂದ ತನ್ನ ಶೋರೂಂಗೆ ಗಾಡಿ ತಂದದ್ದು, ತೊಳೆಸಿದ್ದು ಅವನ ವ್ಯಾಪಾರದ ಖರ್ಚು. ಜಗಳ ಆಡಬೇಕಿಲ್ಲ, "ಈ 8,500ಕ್ಕೆ ಏನು ಸೇವೆ ಅಂತ ನಮೂದಿಸಿ ಪ್ರತ್ಯೇಕ ಜಿಎಸ್‌ಟಿ ಬಿಲ್ ಕೊಡಿ" ಅಂತ ಕೇಳಿ. ಬಿಲ್ ಬರುವುದು ಅಪರೂಪ, ಸಾಲು ಹೊಡೆದುಹಾಕುವುದೇ ಹೆಚ್ಚು.

ಇನ್ನು ವಿಮೆ, ಡೀಲರ್ ಲಾಭದ ಅತಿ ದಪ್ಪನೆಯ ಪದರ. ಇದರಲ್ಲಿ ಎರಡು ಭಾಗ. ಬೇರೆಯವರಿಗೆ ಆಗುವ ಹಾನಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ದರ ಎಲ್ಲ ಕಂಪನಿಗೂ ಒಂದೇ: 1,000 ಸಿಸಿವರೆಗೆ 6,521, 1,000ದಿಂದ 1,500 ಸಿಸಿಗೆ 10,640, ಅದರ ಮೇಲೆ 24,596. ಇಲ್ಲಿ ಚೌಕಾಸಿ ಇಲ್ಲ. ಇನ್ನೊಂದು ಭಾಗ ನಿಮ್ಮ ಕಾರಿನ ಹಾನಿಗೆ ಒಂದು ವರ್ಷದ ಓನ್ ಡ್ಯಾಮೇಜ್, ಆಟವೆಲ್ಲ ಇಲ್ಲೇ. ಹೊಸ ಕಾರಿನ ಐಡಿವಿ (ವಿಮೆಗೆ ಹಿಡಿಯುವ ಕಾರಿನ ಬೆಲೆ) ಎಕ್ಸ್-ಶೋರೂಂನ ಶೇ 95, ನಿಮ್ಮದಕ್ಕೆ 9,31,000. ವಿಮೆಯ ಲೆಕ್ಕದಲ್ಲಿ ಬೆಂಗಳೂರು ಎ ವಲಯ. ಈ ಸಿಸಿಗೆ ಹಳೆಯ ಟ್ಯಾರಿಫ್ ಶೇ 3.283, ಅಂದರೆ 30,565. ವಿಮಾ ಕಂಪನಿಗಳು ಈ ಅಂಕಿಯ ಮೇಲೆ ಶೇ 50, 60, ಕೆಲವೊಮ್ಮೆ ಇನ್ನೂ ಹೆಚ್ಚು ರಿಯಾಯಿತಿ ಕೊಡುತ್ತವೆ. ಈಗ ಕೂಡಿಸಿ ನೋಡಿ. ರಿಯಾಯಿತಿಯೇ ಇಲ್ಲದ 30,565, ಥರ್ಡ್ ಪಾರ್ಟಿ 10,640, ಝೀರೊ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಸೌಲಭ್ಯ) ಇತ್ಯಾದಿ 5,000 ಅಂತ ಇಟ್ಟು ಶೇ 18 ಜಿಎಸ್‌ಟಿ ಹಾಕಿದರೆ 54,522. ನಿಮ್ಮ ಕೊಟೇಶನ್ ಅಂಕಿ ಹೆಚ್ಚೂಕಮ್ಮಿ ಅದೇ! ಶೇ 60 ರಿಯಾಯಿತಿ ಸಿಕ್ಕರೆ ಓನ್ ಡ್ಯಾಮೇಜ್ 12,226ಕ್ಕೆ ಇಳಿದು, ಒಟ್ಟು ಸುಮಾರು 32,900. ನಡುವಿನ 21 ಸಾವಿರಕ್ಕೂ ಹೆಚ್ಚಿನ ಹಣ ಯಾರ ಪಾಲಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹ್ಯಾಂಡ್ಲಿಂಗ್, ಕಿಟ್, ವಾರಂಟಿ ಬಿಟ್ಟು, ಆರ್‌ಟಿಒಗೆ 1,57,500, ವಿಮೆಗೆ 32,900, ಫಾಸ್ಟ್ಯಾಗ್‌ಗೆ 600 ಇಟ್ಟರೆ ನಿಮ್ಮ ಕಾರು 11,71,000ಕ್ಕೆ ರಸ್ತೆಗಿಳಿಯಬೇಕು. ಕೊಟೇಶನ್‌ಗಿಂತ 81 ಸಾವಿರ ಕಮ್ಮಿ. ಇದರಲ್ಲಿ ವಾರಂಟಿ, ಕಿಟ್‌ನ ಮ್ಯಾಟು ನಿಮಗೆ ಬೇಕೆನಿಸಿದರೆ ಕೊಳ್ಳಿ, ಅವು ವಸ್ತುಗಳೇ. ವಾರಂಟಿಯನ್ನಂತೂ ಮೊದಲ ದಿನವೇ ಕೊಳ್ಳಬೇಕೆಂದಿಲ್ಲ. ಹೆಚ್ಚಿನ ಕಂಪನಿಗಳು ಮೂಲ ವಾರಂಟಿ ಮುಗಿಯುವವರೆಗೆ ಅವಕಾಶ ಕೊಡುತ್ತವೆ, ತಡವಾದಷ್ಟೂ ದರ ಸ್ವಲ್ಪ ಏರುತ್ತದೆ. ಅದು ಕಾರು ಕಂಪನಿಯದೋ ಬೇರೆ ಯಾರದೋ ಅನ್ನುವುದನ್ನು ಮಾತ್ರ ಕಾಗದದಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಹೊರಗಿನಿಂದ ವಿಮೆ ತಂದರೆ ನಮ್ಮ ವರ್ಕ್‌ಶಾಪಿನಲ್ಲಿ ಕ್ಯಾಶ್‌ಲೆಸ್ ಸಿಗಲ್ಲ, ವಾರಂಟಿಗೂ ತೊಂದರೆ ಅಂತ ಸೇಲ್ಸ್‌ನವರು ಹೆದರಿಸುತ್ತಿದ್ದಾರೆ.
— ಓದುಗರು, ಮೈಸೂರು

ಉತ್ತರ: ವಾರಂಟಿಗೂ ವಿಮೆ ಎಲ್ಲಿ ಕೊಂಡಿರಿ ಎಂಬುದಕ್ಕೂ ಸಂಬಂಧವೇ ಇಲ್ಲ. ಕ್ಯಾಶ್‌ಲೆಸ್ ಸಿಗುವುದು ವಿಮಾ ಕಂಪನಿಗೂ ಆ ವರ್ಕ್‌ಶಾಪಿಗೂ ಒಪ್ಪಂದ ಇದ್ದರೆ. ಅದೇ ಕಂಪನಿಯ ಪಾಲಿಸಿಯನ್ನು ಆನ್‌ಲೈನ್‌ನಲ್ಲಿ ಕೊಂಡರೂ ಒಪ್ಪಂದ ಒಪ್ಪಂದವೇ. ಕೊಳ್ಳುವ ಮುನ್ನ ವಿಮಾ ಕಂಪನಿಯ ನೆಟ್‌ವರ್ಕ್ ಗ್ಯಾರೇಜ್ ಪಟ್ಟಿಯಲ್ಲಿ ನಿಮ್ಮ ಊರಿನ ವರ್ಕ್‌ಶಾಪ್ ಹೆಸರು ಇದೆಯೇ ನೋಡಿ, ಸಾಕು. ತನ್ನಲ್ಲೇ ವಿಮೆ ಮಾಡಿಸಬೇಕೆಂದು ಡೀಲರ್ ಬಲವಂತ ಮಾಡುವಂತಿಲ್ಲ ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ, 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಬಲವಂತ ಮಾಡಿದರೆ ದೂರು ಕೊಡಲು ಪ್ರಾಧಿಕಾರದ ಸಹಾಯವಾಣಿ 155255.

ನಿಜವಾದ ಅಡ್ಡಿ ಬೇರೆ ಕಡೆ ಇದೆ. ನೋಂದಣಿಗೆ ಮೊದಲೇ ಪಾಲಿಸಿ ಬೇಕು, ಪಾಲಿಸಿಗೆ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಬೇಕು. ಡೀಲರ್ ಆ ನಂಬರ್‌ಗಳನ್ನು ಕೊನೆಯ ದಿನದವರೆಗೆ ಕೊಡದೆ ಎಳೆಯುತ್ತಾನೆ. ಹಬ್ಬದ ಡೆಲಿವರಿ ಅಂತ ನೀವು ಅವಸರದಲ್ಲಿರುತ್ತೀರಿ, ಅವನ ಪಾಲಿಸಿಗೇ ತಲೆಯಾಡಿಸುತ್ತೀರಿ. ಆದ್ದರಿಂದ ಬುಕಿಂಗ್ ದಿನವೇ ಹೇಳಿಬಿಡಿ, ಗಾಡಿ ಅಲಾಟ್ ಆದ ತಕ್ಷಣ ಎರಡೂ ನಂಬರ್ ಇರುವ ಪ್ರೊಫಾರ್ಮಾ ಇನ್‌ವಾಯ್ಸ್ ಬೇಕು ಅಂತ. ಪಾಲಿಸಿ ಮಾಡುವಾಗ ಹೆಸರು ಆಧಾರ್‌ನಲ್ಲಿರುವಂತೆ, ಸಾಲದ ಬ್ಯಾಂಕಿನ ಹೆಸರು ಹೈಪೊಥಿಕೇಶನ್ ಜಾಗದಲ್ಲಿ, ಚಾಸಿ ನಂಬರಿನ 17 ಅಕ್ಷರಗಳೂ ಸರಿಯಾಗಿ ಇರಲಿ. ಒಂದಕ್ಷರ ತಪ್ಪಿದರೂ ನೋಂದಣಿ ಅರ್ಜಿ ನಿಲ್ಲುತ್ತದೆ, ತಿದ್ದುಪಡಿಗೆ ಮತ್ತೆರಡು ದಿನ.

ಹಳೆ ಕಾರು ಮಾರಿದ್ದರೆ ಅದರ ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಬಿಟ್ಟುಕೊಡಬೇಡಿ. ಅದು ಕಾರಿನದಲ್ಲ, ನಿಮ್ಮದು. ಹಳೆ ವಿಮಾ ಕಂಪನಿಯಿಂದ ಎನ್‌ಸಿಬಿ ರಿಟೆನ್ಶನ್ ಪತ್ರ ತಂದರೆ ಹೊಸ ಕಾರಿನ ಓನ್ ಡ್ಯಾಮೇಜ್ ಭಾಗದಲ್ಲಿ ಶೇ 20ರಿಂದ 50ರವರೆಗೆ ಕಡಿತ. ಹಾಗೆಯೇ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನಿಮ್ಮ ಬಳಿ ಆಗಲೇ ಇದ್ದರೆ ಇಲ್ಲಿ ಮತ್ತೊಂದು ಬೇಡ.

ಪ್ರಶ್ನೆ: ಎರಡು ವೇರಿಯಂಟ್ ನಡುವೆ ಗೊಂದಲ. ಒಂದು 9,99,000, ಇನ್ನೊಂದು ಡ್ಯುಯಲ್ ಟೋನ್ ಬಣ್ಣ ಅಂತ 10,01,000. ಎರಡು ಸಾವಿರ ತಾನೇ ಅಂತ ಎರಡನೆಯದಕ್ಕೆ ಕೈ ಹಾಕಲೇ?
— ಓದುಗರು, ಹುಬ್ಬಳ್ಳಿ

ಉತ್ತರ: ಆ ಬಣ್ಣದ ಬೆಲೆ ಎರಡು ಸಾವಿರವಲ್ಲ. 9,99,000ಕ್ಕೆ ತೆರಿಗೆ ಶೇ 15.54, ಅಂದರೆ 1,55,245. ಹತ್ತು ಲಕ್ಷ ದಾಟಿದ ಕೂಡಲೇ ಶೇ 17ಕ್ಕೆ ಸೆಸ್ ಸೇರಿ 18.87, 10,01,000ಕ್ಕೆ 1,88,889. ಬರೀ ತೆರಿಗೆಯಲ್ಲೇ 33,644 ಹೆಚ್ಚು. ಜತೆಗೆ ಬಿಲ್ ಮೊತ್ತ 10 ಲಕ್ಷ ಮೀರಿದರೆ ಶೇ 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ), ಇನ್ನೊಂದು 10,010. ಟಿಸಿಎಸ್ ಮಾತ್ರ ಹೋದ ದುಡ್ಡಲ್ಲ, ನಿಮ್ಮ ಪ್ಯಾನ್ ಹೆಸರಿಗೆ ಜಮಾ ಆಗಿರುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ವಜಾ ಮಾಡಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಡೀಲರ್ ಟಿಸಿಎಸ್ ವಸೂಲಿ ಮಾಡಿ ಕಟ್ಟಿದ್ದಾನೆಯೇ ಎಂದು ಆದಾಯ ತೆರಿಗೆ ಇಲಾಖೆಯ 26ಎಎಸ್ ಹಾಳೆಯಲ್ಲಿ ನೋಡಿ.

"ಡಿಸ್ಕೌಂಟ್ ಕೊಟ್ಟು 10 ಲಕ್ಷದ ಒಳಗೆ ತರ್ತೀನಿ, ತೆರಿಗೆಯೂ ಕಮ್ಮಿಯಾಗುತ್ತೆ" ಅಂದರೆ ನಂಬಿ ಕೂರಬೇಡಿ. ಆರ್‌ಟಿಒ ಲೆಕ್ಕ ಸಾಮಾನ್ಯವಾಗಿ ಡಿಸ್ಕೌಂಟ್ ಕಳೆಯುವ ಮೊದಲಿನ ದರದ ಮೇಲೆಯೇ.

ಪ್ರಶ್ನೆ: ಹೊಸೂರಿನ ಶೋರೂಂನಲ್ಲಿ ಕೊಂಡರೆ ತೆರಿಗೆ ಉಳಿಯುತ್ತದೆಯೇ?
— ಓದುಗರು, ಅತ್ತಿಬೆಲೆ

ಉತ್ತರ: ಕೆಎ ನಂಬರ್ ಬೇಕಾದರೆ ಕರ್ನಾಟಕದ ತೆರಿಗೆಯೇ. ಅಲ್ಲಿ ಡೀಲರ್ ಹೆಚ್ಚು ರಿಯಾಯಿತಿ ಕೊಟ್ಟರೆ ತಾತ್ಕಾಲಿಕ ನೋಂದಣಿಯಲ್ಲಿ ತಂದು ಇಲ್ಲಿ ನೋಂದಾಯಿಸಬಹುದು, ಓಡಾಟ ನಿಮ್ಮದು. ಹೊಸೂರಿನ ಕೊಟೇಶನ್ ಹಿಡಿದು ಬೆಂಗಳೂರಿನ ಡೀಲರ್ ಮುಂದೆ ಕೂರುವುದು ಹೆಚ್ಚು ಲಾಭದ ಕೆಲಸ.

ಪ್ರಶ್ನೆ: ಕಾರಿಗೆ ನಾಲ್ಕು ತಿಂಗಳು ವೇಟಿಂಗ್. ಆದರೆ 45 ಸಾವಿರದ ಆಕ್ಸೆಸರಿ ಪ್ಯಾಕ್ ತಗೊಂಡರೆ ಮುಂದಿನ ವಾರವೇ ಡೆಲಿವರಿಯಂತೆ. ಪ್ಯಾಕ್‌ನಲ್ಲಿ ಸೀಟ್ ಕವರ್, ಮ್ಯಾಟ್, ಡೋರ್ ವೈಸರ್, ಅಂಡರ್‌ಬಾಡಿ ಕೋಟಿಂಗ್, ಸೆರಾಮಿಕ್ ಕೋಟಿಂಗ್ ಇದೆ.
— ಓದುಗರು, ಉಡುಪಿ

ಉತ್ತರ: ನಮ್ಮಲ್ಲಿ ಎಕ್ಸ್-ಶೋರೂಂ ಮೇಲೆ ನೇರವಾಗಿ ಬೆಲೆ ಏರಿಸಲಾಗದು, ಹಾಗಾಗಿ ಬೇಡಿಕೆಯ ಕಾರಿನ ಪ್ರೀಮಿಯಂ ಹೀಗೆ ಮ್ಯಾಟು, ಕವರಿನ ವೇಷದಲ್ಲಿ ಬರುತ್ತದೆ. ಆಕ್ಸೆಸರಿಯ ಮಾರ್ಜಿನ್‌ಗೆ ಹೋಲಿಸಿದರೆ ಕಾರಿನದು ಏನೇನೂ ಅಲ್ಲ. ನಾಲ್ಕು ತಿಂಗಳು ಕಾಯುವುದಾ, ದುಡ್ಡು ಕೊಡುವುದಾ ಅನ್ನುವುದು ನಿಮ್ಮ ನಿರ್ಧಾರ; ಆದರೆ ಮೊದಲು ಅದೇ ಕಂಪನಿಯ ಕುಂದಾಪುರ, ಮಂಗಳೂರು, ಶಿವಮೊಗ್ಗ ಡೀಲರ್‌ಗಳಿಗೆ ಫೋನ್ ಮಾಡಿ, ಬಣ್ಣದಲ್ಲಿ ರಾಜಿಯಾದರೆ ಸ್ಟಾಕ್ ಇದೆಯೇ ಕೇಳಿ. ಒಂದು ಕಡೆ ವೇಟಿಂಗ್ ಇರುವ ಕಾರು ಇನ್ನೊಂದು ಕಡೆ ಯಾರೋ ರದ್ದು ಮಾಡಿದ ಬುಕಿಂಗ್‌ನಿಂದ ನಿಂತಿರುತ್ತದೆ.

ಪ್ಯಾಕ್ ತಗೊಳ್ಳಲೇಬೇಕಾದರೆ ಒಳಗಿನ ವಸ್ತುಗಳನ್ನು ನೀವೇ ಆರಿಸಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಸಾಧಾರಣ ಸೀಟ್ ಕವರ್ ಹಾಕಿಸಿದರೆ ಅಪಘಾತದಲ್ಲಿ ಏರ್‌ಬ್ಯಾಗ್ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು. ಏರ್‌ಬ್ಯಾಗ್ ಜಾಗದಲ್ಲಿ ಹೊಲಿಗೆ ಹರಿಯುವಂತೆ ಮಾಡಿದ ಕವರೇ ಬೇಕು. ಅಂಡರ್‌ಬಾಡಿ ಕೋಟಿಂಗ್ ಬಯಲುಸೀಮೆಯವರು ಕೇಳಿದ್ದರೆ ಬೇಡ ಅಂತಿದ್ದೆವು, ಕಾರ್ಖಾನೆಯಲ್ಲೇ ಇಡೀ ಬಾಡಿಯನ್ನು ತುಕ್ಕುನಿರೋಧಕ ಪ್ರೈಮರಿನಲ್ಲಿ ಮುಳುಗಿಸಿರುತ್ತಾರೆ. ಉಡುಪಿಯ ಉಪ್ಪುಗಾಳಿ, ಮಳೆಗೆ ಅರ್ಥವಿದೆ. ಆದರೆ ಕಾರನ್ನು ಲಿಫ್ಟ್‌ಗೆ ಏರಿಸಿ, ತೊಳೆದು, ಪೂರ್ತಿ ಒಣಗಿಸಿದ ಮೇಲೆ ಹೊಡೆಯಬೇಕು. ಬಾಗಿಲ ಕೆಳಗಿನ, ಸಿಲ್ ಅಡಿಯ ನೀರು ಹೋಗುವ ರಂಧ್ರಗಳನ್ನು ಟೇಪ್ ಹಾಕಿ ಮುಚ್ಚಿ, ಹೊಡೆದಾದ ಮೇಲೆ ತೆಗೆಯಬೇಕು. ಅವು ಕಟ್ಟಿಕೊಂಡರೆ ಮಳೆನೀರು ಒಳಗೇ ನಿಂತು, ತುಕ್ಕು ತಡೆಯಲು ಕೊಟ್ಟ ದುಡ್ಡಿನಿಂದಲೇ ತುಕ್ಕು ಹಿಡಿಯುತ್ತದೆ. ಡೆಲಿವರಿಯ ಅವಸರದಲ್ಲಿ ಸಂಜೆ ಹೊಡೆದು ಬೆಳಿಗ್ಗೆ ಕೊಡುವ ಕೋಟಿಂಗ್ ಬೇಡವೇ ಬೇಡ. ಹೊಸ ಬಣ್ಣಕ್ಕೆ ಸೆರಾಮಿಕ್ ಕೋಟಿಂಗ್ ಬೇಕಿಲ್ಲ, ಪ್ಯಾಕ್‌ನಿಂದ ತೆಗೆಸಿ.

ಪ್ರಶ್ನೆ: ಡೀಲರ್ ಮೂಲಕ ಸಾಲಕ್ಕೆ "ಬರೀ 5.2 ಪರ್ಸೆಂಟ್" ಅಂತಾರೆ. ನನ್ನ ಸಂಬಳದ ಬ್ಯಾಂಕ್ 9 ಹೇಳುತ್ತಿದೆ. 8 ಲಕ್ಷ, ಐದು ವರ್ಷ. ಡೀಲರ್‌ದೇ ಅಗ್ಗ ಅಲ್ಲವೇ?
— ಓದುಗರು, ತುಮಕೂರು

ಉತ್ತರ: ಅದು ಫ್ಲಾಟ್ ಬಡ್ಡಿ. ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಿದ್ದರೂ ಐದು ವರ್ಷವೂ ಪೂರ್ತಿ 8 ಲಕ್ಷದ ಮೇಲೆ ಬಡ್ಡಿ ಎಣಿಸುತ್ತಾರೆ: 8 ಲಕ್ಷಕ್ಕೆ 2,08,000 ಬಡ್ಡಿ, ಕಂತು 16,800. ಇದನ್ನು ಬ್ಯಾಂಕಿನ ಲೆಕ್ಕಕ್ಕೆ ತಿರುಗಿಸಿದರೆ ಶೇ 9.5. ನಿಮ್ಮ ಬ್ಯಾಂಕಿನ ಶೇ 9ಕ್ಕೆ ಕಂತು 16,607. ಬ್ಯಾಂಕೇ ಅಗ್ಗ, ಒಟ್ಟು 11,500 ರೂಪಾಯಿಯಷ್ಟು.

ಶೇಕಡಾವಾರು ಬಿಡಿ, ಕಂತು ಎಷ್ಟು, ಎಷ್ಟು ತಿಂಗಳು, ಪ್ರೊಸೆಸಿಂಗ್ ಫೀ ಎಷ್ಟು ಎಂದು ಕೇಳಿ. 2024ರ ಅಕ್ಟೋಬರ್‌ನಿಂದ ಸಾಲ ಕೊಡುವವರು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಲೇಬೇಕು, ಅದರಲ್ಲಿ ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಇರುತ್ತದೆ. ಎರಡು ಹಾಳೆ ಪಕ್ಕಪಕ್ಕ ಇಟ್ಟು ನೋಡಿ. ಸಾಲ ತಂದುಕೊಟ್ಟದ್ದಕ್ಕೆ ಡೀಲರ್‌ಗೆ ಪೇಔಟ್, ಅಂದರೆ ಕಮಿಷನ್ ಇರುತ್ತದೆ. "ನಿಮ್ಮಲ್ಲೇ ಸಾಲ ಮಾಡ್ತೀನಿ, ಕಾರಲ್ಲಿ ಎಷ್ಟು ಇಳಿಸ್ತೀರಿ" ಎಂದು ಕೇಳುವುದೂ ತಪ್ಪಲ್ಲ, ಇಳಿಕೆ 11,500ಕ್ಕಿಂತ ಹೆಚ್ಚಾದರೆ ಅವನದೇ ತಗೊಳ್ಳಿ. ಮುಂಚೆಯೇ ತೀರಿಸುವ ಯೋಚನೆ ಇದ್ದರೆ ಫೋರ್‌ಕ್ಲೋಷರ್ ಶುಲ್ಕದ ಸಾಲನ್ನೂ ಓದಿ.

ಪ್ರಶ್ನೆ: ಹಳೆ ಕಾರಿಗೆ 40 ಸಾವಿರ ಎಕ್ಸ್‌ಚೇಂಜ್ ಬೋನಸ್. ಒಳ್ಳೆಯ ಆಫರ್ ಅಲ್ಲವೇ?
— ಓದುಗರು, ಶಿವಮೊಗ್ಗ

ಉತ್ತರ: ಹೊರಗೆ 3,20,000 ಬೆಲೆ ಬಾಳುವ ಕಾರಿಗೆ 2,70,000 ಕಟ್ಟಿ ಮೇಲೆ 40 ಸಾವಿರ ಬೋನಸ್ ಕೊಟ್ಟರೆ ನಿಮಗೇ 10 ಸಾವಿರ ನಷ್ಟ. ಶೋರೂಂಗೆ ಹೋಗುವ ಮೊದಲು ಎರಡು ಕಡೆ ಹಳೆ ಕಾರಿನ ಬೆಲೆ ಬರೆಸಿಕೊಳ್ಳಿ. ಹೊಸ ಕಾರಿನ ಅಂತಿಮ ದರ ಕಾಗದದ ಮೇಲೆ ಬರುವವರೆಗೂ ಹಳೆಯದರ ಮಾತೇ ಎತ್ತಬೇಡಿ. ಎರಡನ್ನೂ ಒಟ್ಟಿಗೆ ಮಾತಾಡಿದರೆ ಯಾವ ಜೇಬಿನಿಂದ ಯಾವ ಜೇಬಿಗೆ ಹೋಯಿತೆಂದು ಗೊತ್ತಾಗುವುದಿಲ್ಲ. ಕೆಲವು ಕಂಪನಿಗಳಲ್ಲಿ ಹಳೆ ಕಾರನ್ನು ಹೊರಗೆ ಮಾರಿ, ವರ್ಗಾವಣೆಯಾದ ಆರ್‌ಸಿ ತೋರಿಸಿದರೂ ಬೋನಸ್ ಸಿಗುತ್ತದೆ, ಕೇಳಿ ನೋಡಿ.

ಪ್ರಶ್ನೆ: ಇಲ್ಲಿ ಕಾರಿನ ಗಾಜಿಗೆ ಎರಡು ಸ್ಟಿಕ್ಕರ್ ಅಂಟಿಸಿದ್ದಾರೆ. ಎರಡನೆಯದರಲ್ಲಿ "ಮಾರ್ಕೆಟ್ ಅಡ್ಜಸ್ಟ್‌ಮೆಂಟ್" ಅಂತ 5,000 ಡಾಲರ್. ಇದನ್ನು ಕೊಡಲೇಬೇಕೇ?
— ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಮೊದಲ ಸ್ಟಿಕ್ಕರ್ 1958ರ ಕಾಯ್ದೆಯಿಂದ ಬಂದದ್ದು, ಕಂಪನಿ ಸೂಚಿಸಿದ ಬೆಲೆ, ಆಪ್ಷನ್‌ಗಳು, ಸಾಗಣೆ ಶುಲ್ಕ ಅದರಲ್ಲಿರಬೇಕು. ಎರಡನೆಯದು ಡೀಲರ್ ತಾನೇ ಅಂಟಿಸಿದ್ದು. ಅಮೆರಿಕದಲ್ಲಿ ಕಂಪನಿಯ ಬೆಲೆ ಸೂಚನೆ ಮಾತ್ರ, ಅದಕ್ಕಿಂತ ಹೆಚ್ಚು ಕೇಳುವುದು ಅಪರಾಧವಲ್ಲ. ಕೊಡದೆ ಎದ್ದು ಬರುವುದು ನಿಮ್ಮ ಹಕ್ಕು. ಟೈರಿಗೆ ನೈಟ್ರೋಜನ್, ಗಾಜಿನ ಮೇಲೆ ನಂಬರ್ ಕೆತ್ತನೆ, ಪೇಂಟ್ ಪ್ರೊಟೆಕ್ಷನ್ ಕೂಡ ಅದೇ ಜಾತಿಯವು. ನೂರು ಮೈಲಿ ಸುತ್ತಮುತ್ತಲಿನ ಆರೇಳು ಡೀಲರ್‌ಗಳಿಗೆ ಒಂದೇ ಇಮೇಲ್ ಕಳಿಸಿ: ಇಂಥ ಟ್ರಿಮ್, ಇಂಥ ಬಣ್ಣ, ತೆರಿಗೆ, ಶುಲ್ಕ ಎಲ್ಲ ಸೇರಿ "ಔಟ್ ದ ಡೋರ್" ಎಷ್ಟು, ಸಾಲುಸಾಲಾಗಿ ಕೊಡಿ ಅಂತ. ಡಾಕ್ಯುಮೆಂಟ್ ಫೀ ನಿಮ್ಮ ರಾಜ್ಯದಲ್ಲಿ 85 ಡಾಲರ್ ಮೀರುವಂತಿಲ್ಲ. ಇನ್‌ವಾಯ್ಸ್ ದರಕ್ಕೇ (ಕಂಪನಿ ಡೀಲರ್‌ಗೆ ಹಾಕಿದ ಬಿಲ್ ಬೆಲೆಗೇ) ಕೊಡುತ್ತಿದ್ದೇವೆ ಅಂದರೂ ಮರುಗಬೇಡಿ: ಹಲವು ಕಂಪನಿಗಳು ಮಾರಾಟವಾದ ಮೇಲೆ ಡೀಲರ್‌ಗೆ ಹೋಲ್ಡ್‌ಬ್ಯಾಕ್ ಅಂತ ಶೇ 2ರಿಂದ 3 ವಾಪಸ್ ಕೊಡುತ್ತವೆ.

ಪ್ರಶ್ನೆ: ಜನವರಿಯಲ್ಲಿ 60 ಸಾವಿರ ಡಿಸ್ಕೌಂಟ್ ಅಂತ ಬುಕ್ ಮಾಡಿದೆ. ಕಾರು ಹಳೆ ಸ್ಟಾಕ್ ಇರಬಹುದೆಂಬ ಅನುಮಾನ. ರದ್ದು ಮಾಡಿದರೆ ಬುಕಿಂಗ್ ಹಣ ಕೊಡಲ್ಲ ಅಂತಾರೆ.
— ಓದುಗರು, ಕಲಬುರಗಿ

ಉತ್ತರ: ಕಳೆದ ವರ್ಷದ ಕಾರಾದರೆ ಆ ಡಿಸ್ಕೌಂಟ್ ಉಪಕಾರವಲ್ಲ, ಮುಂದೆ ಮಾರುವಾಗ ನೀವು ಕಳೆದುಕೊಳ್ಳುವ ಒಂದು ವರ್ಷದ ಬೆಲೆ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಬರುತ್ತದೆ, ಮುಚ್ಚಿಡಲಾಗದು. ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರ, ಫಾರಂ 21ರಲ್ಲೂ ಅದು ಇರಬೇಕು. ಪೂರ್ತಿ ಹಣ ಕಟ್ಟುವ ಮುನ್ನ ಅದನ್ನೂ, ಚಾಸಿ ನಂಬರನ್ನೂ ನೋಡಿ ಕಾರಿನ ಮೇಲಿರುವ ನಂಬರಿಗೆ ತಾಳೆ ಮಾಡಿ. ಟೈರಿನ ಬದಿಯ ನಾಲ್ಕಂಕಿಯೂ ಸುಳಿವು: 2325 ಅಂದರೆ 2025ರ 23ನೇ ವಾರದ ಟೈರು. ಆರೇಳು ತಿಂಗಳು ಬಿಸಿಲಲ್ಲಿ ನಿಂತಿದ್ದರೆ ಬ್ಯಾಟರಿ ಪರೀಕ್ಷೆ ಮಾಡಿಸಿ, ವೈಪರ್ ರಬ್ಬರ್ ನೋಡಿ, ಟೈರ್ ನಿಂತಲ್ಲೇ ಚಪ್ಪಟೆಯಾಗಿದೆಯೇ ಎಂದು ಓಡಿಸಿ ನೋಡಿ. ಇಷ್ಟೆಲ್ಲ ಸರಿ ಇದ್ದು, ಹತ್ತು ವರ್ಷ ಇಟ್ಟುಕೊಳ್ಳುವವರಾದರೆ 60 ಸಾವಿರಕ್ಕೆ ಹಳೆ ಸ್ಟಾಕ್ ಕೆಟ್ಟ ವ್ಯವಹಾರವೇನಲ್ಲ. ಮೂರು ವರ್ಷಕ್ಕೆ ಮಾರುವವರಾದರೆ ಬೇಡ.

ಬುಕಿಂಗ್ ಹಣ ರಸೀದಿ ಮತ್ತು ಬುಕಿಂಗ್ ಫಾರಂ ಹಿಂಬದಿಯ ಸಣ್ಣಕ್ಷರದ ಮೇಲೆ ನಿಂತಿದೆ. ಡೆಲಿವರಿ ದಿನದ ಬೆಲೆಯೇ ಅನ್ವಯ ಅಂತಲೂ ಅಲ್ಲೇ ಬರೆದಿರುತ್ತದೆ. ತಯಾರಿಕೆಯ ವರ್ಷವನ್ನು ನಿಮಗೆ ತಿಳಿಸದೆ ಬುಕ್ ಮಾಡಿಸಿದ್ದರೆ ಅದನ್ನೇ ಕಾರಣ ಕೊಟ್ಟು ಇಮೇಲ್‌ನಲ್ಲಿ ರದ್ದು ಕೋರಿ, ಕಂಪನಿಯ ಗ್ರಾಹಕ ವಿಭಾಗಕ್ಕೂ ಪ್ರತಿ ಹಾಕಿ. ಆಗಲೂ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಬುಕಿಂಗ್ ಹಣವನ್ನು ಸೇಲ್ಸ್ ಹುಡುಗನ ಸ್ವಂತ ಯುಪಿಐಗೆ ಹಾಕಿದ್ದರೆ ಮಾತ್ರ ಇವತ್ತೇ ಶೋರೂಂಗೆ ಹೋಗಿ ಡೀಲರ್ ಹೆಸರಿನ ರಸೀದಿ ಬರೆಸಿಕೊಳ್ಳಿ.